ಅಡಿಕೆ ಮರದ ಬಣ್ಣಕ್ಕಾಗಿ ಏಳು ತಿಂಗಳು

ಮೊನ್ನೆ ಜನವರಿ 29ಕ್ಕೆ ಅತ್ತೆಯ ಕೋಣೆಯ ಕೆಲಸ ಮುಗಿಯಿತು. 10 ಅಡಿಗೆ 12 ಅಡಿಯ ಒಂದೇ ಒಂದು ಕೋಣೆ. ಅದಕ್ಕೆ ಬಣ್ಣ ಹುಡುಕಲು ಶುರು ಮಾಡಿದ್ದು ಕಳೆದ ಜುಲೈನಲ್ಲಿ. ಹಸಿರೂ ಅಲ್ಲದ, ಬೂದಿಯೂ ಅಲ್ಲದ ನಾಲ್ಕು ಬಣ್ಣಗಳ ನಡುವೆ ಇಷ್ಟು ದಿನ ಓಡಾಡಬೇಕಾಗುತ್ತದೆ ಅಂತ ಆಗ ಗೊತ್ತಿರಲಿಲ್ಲ. ಇಂಥದೇ ಬಣ್ಣಕ್ಕೆ ಕೈ ಹಾಕುವವರಿಗೆ, ಅದರಲ್ಲೂ ನಮ್ಮ ಹಾಗೆ ತೋಟದ ಮಗ್ಗುಲಲ್ಲಿ ಮನೆ ಇರುವವರಿಗೆ, ಇದರಿಂದ ಸ್ವಲ್ಪ ಅಲೆದಾಟ ತಪ್ಪಲಿ ಅಂತ ಬರೆಯುತ್ತಿದ್ದೇನೆ.

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಹಳೇ ಮನೆ. ಅತ್ತೆಯ ಕೋಣೆಗೆ ಉತ್ತರದಲ್ಲಿ ಒಂದು ದೊಡ್ಡ ಕಿಟಕಿ, ಅದರಾಚೆ ನೇರ ಅಡಿಕೆ ತೋಟ. ಪೂರ್ವಕ್ಕೆ ಸಣ್ಣ ಕಿಟಕಿ, ಅದರಾಚೆ ಅಂಗಳ. ಕೆಳಗೆ ರೆಡ್ ಆಕ್ಸೈಡ್ ಹಾಕಿದ ಕೆಂಪು ನೆಲ, ಮೇಲೆ ಕಪ್ಪಾದ ಹಲಗೆಯ ಮಾಳಿಗೆ. ಗೋಡೆಗೆ ನೀಲಿ ಬೆರೆಸಿದ ಸುಣ್ಣ ವರ್ಷವರ್ಷ ಬಳಿದು ಬಳಿದು ಒಂದು ಪದರವೇ ಆಗಿತ್ತು. ಮುಟ್ಟಿದರೆ ಕೈಗೆ ಪುಡಿ.

ಅತ್ತೆಗೆ 74 ವರ್ಷ. ಜೂನ್‌ನಲ್ಲಿ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಕಣ್ಣು ತಿಳಿಯಾದ ಮೇಲೆ ಕೋಣೆಯ ಗೋಡೆ ನೋಡಿ ಅವರಿಗೇ ಬೇಸರವಾಯಿತು. ಯಾವ ಬಣ್ಣ ಬೇಕು ಅತ್ತೆ ಅಂತ ಕೇಳಿದೆ. "ಯಂಗೆ ಅಡಕೆ ಮರದ ಬಣ್ಣ ಸಾಕು ತಂಗಿ" ಅಂದರು.

ಅಡಿಕೆ ಮರದ ಮೈ ನೋಡಿದವರಿಗೆ ಗೊತ್ತು. ಎಳೆಯ ಮರ ಹಸಿರು. ಹಳೆಯದಾದಂತೆ ಬೂದಿಗೆ ತಿರುಗುತ್ತದೆ, ಮೇಲೆ ಕಲ್ಲುಹೂವಿನ ಬಿಳಿ ಮಚ್ಚೆ. ಆ ಎರಡರ ಮಧ್ಯೆ ಎಲ್ಲೋ ಇದೆ ಅತ್ತೆ ಕೇಳಿದ ಬಣ್ಣ. ಶಿರಸಿ ಪೇಟೆಗೆ ಹೋಗಿ ಬಣ್ಣದಂಗಡಿಯಲ್ಲಿ ಶೇಡ್ ಕಾರ್ಡ್ ಬಿಚ್ಚಿದರೆ ಅಂಥ ಬಣ್ಣಗಳೇ ಇಪ್ಪತ್ತಕ್ಕಿಂತ ಜಾಸ್ತಿ. ಬೀಸಣಿಗೆ ಹಾಗೆ ಹರಡಿದ ಕಾರ್ಡ್ ಮೇಲೆ ಒಂದರ ಪಕ್ಕ ಒಂದು ಇಟ್ಟರೆ ಮಾತ್ರ ಬೇರೆ, ಬೇರೆ ಬೇರೆಯಾಗಿ ನೋಡಿದರೆ ಎಲ್ಲ ಒಂದೇ.

ಅಂಗಡಿಯವರು ಒಳ್ಳೆಯ ಉಪಾಯ ಹೇಳಿಕೊಟ್ಟರು. ಶೇಡ್ ಕಾರ್ಡ್‌ನ ಒಂದೊಂದು ಪಟ್ಟಿಯಲ್ಲಿ ತಿಳಿ ಬಣ್ಣದಿಂದ ಗಾಢ ಬಣ್ಣದವರೆಗೆ ಸಾಲಾಗಿ ಇರುತ್ತದೆ. ನಿಮಗೆ ಬೇಕಾದ್ದು ತಿಳಿ ಬಣ್ಣವಾದರೂ ಅದೇ ಪಟ್ಟಿಯ ಅತಿ ಗಾಢ ಬಣ್ಣವನ್ನು ನೋಡಿ. ತಿಳಿ ಬಣ್ಣದ ಹೊಟ್ಟೆಯಲ್ಲಿ ಏನಿದೆ ಅಂತ ಅಲ್ಲಿ ಬಯಲಾಗುತ್ತದೆ. ಒಂದು ಪಟ್ಟಿಯ ಕೊನೆಯಲ್ಲಿ ಪಾಚಿ ಹಸಿರಿತ್ತು. ಅಂದರೆ ಅದರೊಳಗೆ ಹಳದಿ ಇದೆ. ಇನ್ನೊಂದರ ಕೊನೆಯಲ್ಲಿ ಕಡುನೀಲಿ ಕಡೆ ವಾಲುವ ಹಸಿರು. ಮೂರನೆಯದರಲ್ಲಿ ಬರೀ ಇದ್ದಿಲ ಬಣ್ಣ, ಹಸಿರಿನ ಸುಳಿವು ಸ್ವಲ್ಪ. ನಾಲ್ಕನೆಯದು ಎಲೆ ಹಸಿರು. ಹೀಗೆ ನಾಲ್ಕು ಪಟ್ಟಿಯಿಂದ ಒಂದೊಂದು ಆರಿಸಿದೆವು. ಹೆಸರು ಎಲ್ಲ ಇಂಗ್ಲಿಷಿನಲ್ಲಿ, ನೆನಪಿಡಲು ಕಷ್ಟ. ಹಾಗಾಗಿ ಒಂದು, ಎರಡು, ಮೂರು, ನಾಲ್ಕು ಅಂತಲೇ ಕರೆದೆವು. ಮೊದಲ ನೋಟಕ್ಕೆ ಎಲ್ಲರಿಗೂ ಇಷ್ಟವಾದದ್ದು ನಾಲ್ಕು. ಮೂರು ಯಾರಿಗೂ ಬೇಡ, ಸಿಮೆಂಟಿನ ಹಾಗಿದೆ ಅಂತ.

ಕಾರ್ಡ್ ನೋಡುವಾಗ ಒಂದು ಮಾತು. ಅಂಗಡಿಯ ಮೇಜಿನ ಮೇಲೆ ಮಲಗಿಸಿ ನೋಡಬೇಡಿ. ಗೋಡೆ ಹೇಗೆ ನಿಂತಿರುತ್ತದೋ ಹಾಗೆ ನಿಲ್ಲಿಸಿ, ಹಿಂದೆ ಒಂದು ಬಿಳಿ ಹಾಳೆ ಇಟ್ಟು ನೋಡಿ. ಮಲಗಿಸಿದರೆ ಮೇಲಿನ ದೀಪದ ಬೆಳಕು ನೇರ ಬಿದ್ದು ಬಣ್ಣ ತಿಳಿಯಾಗಿ ಕಾಣುತ್ತದೆ.

ನಾಲ್ಕಕ್ಕೂ 200 ಮಿಲಿಯ ಸ್ಯಾಂಪಲ್ ಡಬ್ಬ ಮಾಡಿಸಿದೆವು. ಒಂದಕ್ಕೆ 140 ರೂಪಾಯಿ. ಬಿಳಿ ಬೇಸ್‌ಗೆ ಮಷಿನ್ ಹನಿ ಹನಿ ಬಣ್ಣ ಬಿಡುವುದನ್ನು ನಿಂತು ನೋಡಿದೆ. ಹಸಿರು ಬಣ್ಣದಲ್ಲಿ ಹಸಿರಿಗಿಂತ ಕಪ್ಪು ಮತ್ತು ಹಳದಿಯೇ ಜಾಸ್ತಿ ಬಿತ್ತು. ಕಪ್ಪಿಗೆ ಹಳದಿ ಸೇರಿದರೆ ಪಾಚಿ ಹಸಿರು ಬರುತ್ತದಂತೆ. ಇಂಥ ಬಣ್ಣಗಳಲ್ಲಿ ಒಂದೆರಡು ಹನಿ ಹೆಚ್ಚುಕಡಿಮೆಯಾದರೂ ಬೇರೆ ಬಣ್ಣವೇ ಆಗಿಬಿಡುತ್ತದೆ ಅಂತ ಆಗ ಅರ್ಥವಾಯಿತು.

ಮನೆಗೆ ಬಂದು ನೇರ ಗೋಡೆಗೆ ಬಳಿಯಲು ಹೊರಟಿದ್ದೆ. ಪೇಂಟರ್ ತಡೆದರು. "ಅಕ್ಕಾ, ನೀಲಿ ಸುಣ್ಣದ ನಡುವೆ ಹಚ್ಚಿದ್ರೆ ನಿಮ್ಮ ಹಸಿರು ಹಳದಿ ಕಾಣ್ತದೆ. ರಟ್ಟಿಗೆ ಹಚ್ಚಿ" ಅಂದರು. ಅವರು ಹೇಳಿದ್ದು ನಿಜ. ಪಕ್ಕದ ಬಣ್ಣ ಕಣ್ಣನ್ನು ಎಳೆಯುತ್ತದೆ. ಚಿತ್ರ ಬರೆಯುವ ದೊಡ್ಡ ಬಿಳಿ ರಟ್ಟು ತಂದು, ನಾಲ್ಕಕ್ಕೂ ಎರಡೆರಡು ಕೋಟ್ ಹಚ್ಚಿ ಒಣಗಿಸಿದೆವು. ಮಳೆಗಾಲ ನೋಡಿ, ನಾಲ್ಕು ತಾಸಿಗೆ ಒಣಗಬೇಕಾದ್ದು ಇಡೀ ದಿನ ತೆಗೆದುಕೊಂಡಿತು. ರಟ್ಟಿನ ಲಾಭ ಅಂದರೆ ಅದನ್ನು ಕೋಣೆಯಲ್ಲಿ ಎಲ್ಲಿ ಬೇಕಾದರೂ ಒಯ್ಯಬಹುದು. ಕಿಟಕಿಯ ಎದುರು, ಕಿಟಕಿಯ ಪಕ್ಕದ ಕತ್ತಲೆ ಮೂಲೆ, ನೆಲದ ಹತ್ತಿರ, ಮಾಳಿಗೆಯ ಕೆಳಗೆ. ಪ್ರತಿ ರಟ್ಟಿನ ಹಿಂದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಹೇಗೆ ಕಂಡಿತು ಅಂತ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ಆ ರಟ್ಟುಗಳೇ ಕೊನೆಗೆ ನಮ್ಮನ್ನು ಕಾಪಾಡಿದವು.

ಮೊದಲ ವಾರದಲ್ಲೇ ನಾಲ್ಕನೆಯದರ ಆಸೆ ಬಿಡಬೇಕಾಯಿತು. ಅಂಗಡಿಯಲ್ಲಿ ಅಷ್ಟು ಚೆಂದ ಇದ್ದದ್ದು ನಮ್ಮ ಕೋಣೆಯಲ್ಲಿ ವೀಳ್ಯದೆಲೆ ಹಾಗೆ ಹೊಳೆಯುತ್ತಿತ್ತು. ಕಾರಣ ಕಿಟಕಿಯಾಚೆ ಇತ್ತು. ಆಷಾಢದಲ್ಲಿ ನಮ್ಮ ತೋಟ ಅಂದರೆ ಹಸಿರಿನ ಮೇಲೆ ಹಸಿರು. ಸೋಗೆ, ಕಾಳುಮೆಣಸಿನ ಬಳ್ಳಿ, ಏಲಕ್ಕಿ, ಬಾಳೆ. ಕಿಟಕಿಯಿಂದ ಒಳಗೆ ಬರುವ ಬೆಳಕೇ ಹಸಿರು. ಅದು ಹಸಿರು ಗೋಡೆಗೆ ಬಿದ್ದು, ಆ ಗೋಡೆಯಿಂದ ಎದುರಿನ ಗೋಡೆಗೆ ಹಾರಿ, ಬಣ್ಣ ಇಮ್ಮಡಿಯಾಗುತ್ತದೆ. ಯಾರಿಗೂ ಬೇಡವಾಗಿದ್ದ ಸಿಮೆಂಟಿನಂಥ ಮೂರನೆಯದು ಅದೇ ಬೆಳಕಿನಲ್ಲಿ ಮೆಲ್ಲಗೆ ಹಸಿರಾಗುತ್ತಿತ್ತು. ತೋಟ ಕಾಣುವ ಕೋಣೆಗೆ ಕಾರ್ಡ್ ಮೇಲೆ ಬೂದಿ ಅನ್ನಿಸುವ ಬಣ್ಣವನ್ನೂ ಬಿಡಬೇಡಿ. ಉಳಿದ ಹಸಿರನ್ನು ತೋಟ ಕೊಡುತ್ತದೆ.

ಕೆಂಪು ನೆಲದ ಪ್ರತಾಪ ಗೊತ್ತಾದದ್ದು ಒಂದು ದಿನ ಮಳೆ ಬಿಟ್ಟು ಬಿಸಿಲು ಬಂದಾಗ. ಪೂರ್ವದ ಕಿಟಕಿಯಿಂದ ಬಿಸಿಲು ನೆಲಕ್ಕೆ ಬಿದ್ದು, ಗೋಡೆಯ ಬುಡದಲ್ಲಿಟ್ಟ ರಟ್ಟಿಗೆ ಕೆಂಪು ಹಾಯುತ್ತಿತ್ತು. ಕೆಂಪು ಬೆಳಕು ಹಸಿರನ್ನು ತಿಂದುಹಾಕುತ್ತದೆ. ಒಂದನೆಯದು ಅಲ್ಲಿ ಮಣ್ಣಿನ ಬಣ್ಣ ಆಯಿತು. ಅದನ್ನೇ ಆಳೆತ್ತರಕ್ಕೆ ಹಿಡಿದರೆ ಮತ್ತೆ ಹಸಿರು. ನೆಲ ಕೆಂಪಿದ್ದರೆ ಕೆಳಗೂ ಮೇಲೂ ಎರಡೂ ಕಡೆ ನೋಡಲೇಬೇಕು.

ಆಗಸ್ಟ್ ಹೊತ್ತಿಗೆ ಉಳಿದದ್ದು ಎರಡನೆಯದು ಮತ್ತು ಮೂರನೆಯದು. ಒಂದನೆಯದು ರಾತ್ರಿ ದೀಪದಲ್ಲಿ ಸಗಣಿ ಸಾರಿಸಿ ಒಣಗಿದ ನೆಲದ ಹಾಗೆ ಕಾಣುತ್ತಿತ್ತು. ಆ ನೆಲದ ಮೇಲೆ ನನಗೆ ಪ್ರೀತಿ ಇದೆ, ಗೋಡೆಯ ಮೇಲೆ ಬೇಡ.

ಇಲ್ಲಿಂದ ಮುಂದೆ ನಾವು ಎಣಿಸದೇ ಇದ್ದ ತೊಡಕು. ಅತ್ತೆಗೆ ಎರಡು ರಟ್ಟನ್ನೂ ತೋರಿಸಿದಾಗ ಒಂದು ದಿನ ಎರಡನೆಯದು ಚೆಂದ ಅನ್ನುತ್ತಿದ್ದರು, ಮರುದಿನ ಮೂರನೆಯದು. ನಾನು ಒಳಗೊಳಗೇ ಸಿಟ್ಟು ಮಾಡಿಕೊಂಡೆ. ಆಮೇಲೆ ಒಂದು ಸಂಜೆ ಅವರು ಮಂಚದ ಮೇಲೆ ಕೂತು ಒಂದು ಕಣ್ಣಿಗೆ ಕೈ ಅಡ್ಡ ಇಟ್ಟು, ತೆಗೆದು, ಇನ್ನೊಂದು ಕಣ್ಣಿಗೆ ಇಟ್ಟು ನೋಡುತ್ತಿದ್ದರು. "ತಂಗಿ, ಈ ಕಣ್ಣಿಗೆ ಒಂದ್ ನಮನಿ ಕಾಣ್ತು, ಆ ಕಣ್ಣಿಗೆ ಒಂದ್ ನಮನಿ ಕಾಣ್ತು" ಅಂದರು. ಹೇಳಿದರೆ ನಾವು ಗಾಬರಿಯಾಗುತ್ತೇವೆ ಅಂತ ಎರಡು ತಿಂಗಳು ಬಾಯಿ ಬಿಟ್ಟಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಕಣ್ಣಿನ ಡಾಕ್ಟರಿಗೆ ಹೇಳಿದಾಗ ಅವರು ಗಾಬರಿ ಬೇಡ ಅಂದರು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಯಾಗುತ್ತಾ ಹೋಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆದ ಕಣ್ಣಿಗೆ ಹೊಸ ತಿಳಿ ಮಸೂರ, ಅದಕ್ಕೆ ನೀಲಿ ಇದ್ದಕ್ಕಿದ್ದಂತೆ ಜಾಸ್ತಿ ಕಾಣುತ್ತದೆ. ಕ್ಲಾಡ್ ಮೋನೆ ಅನ್ನುವ ಫ್ರೆಂಚ್ ಚಿತ್ರಕಾರನಿಗೂ ಹೀಗೇ ಆಗಿತ್ತಂತೆ. 1923ರಲ್ಲಿ ಆತನ ಬಲಗಣ್ಣಿಗೆ ಮಾತ್ರ ಆಪರೇಷನ್ ಆಯಿತು. ಆಮೇಲೆ ಎಲ್ಲ ನೀಲಿ ಕಾಣುತ್ತದೆ ಅಂತ ಒದ್ದಾಡಿ, ಬಣ್ಣದ ಕನ್ನಡಕ ಹಾಕಿಕೊಂಡು ನೋಡಿದನಂತೆ. ಅತ್ತೆಗೆ ಈ ಕಥೆ ಬಹಳ ಸಮಾಧಾನ ಕೊಟ್ಟಿತು. ಅಷ್ಟು ದೊಡ್ಡವನಿಗೂ ಹೀಗೇ ಆಗಿತ್ತಲ್ಲ ಅಂತ ಬಂದವರಿಗೆಲ್ಲ ಹೇಳಿದರು.

ರಟ್ಟಿನ ಹಿಂದೆ ಇನ್ನೆರಡು ಸಾಲು ಸೇರಿತು. ಎಡಗಣ್ಣಿಗೆ ಎರಡನೆಯದು ಹಿತವಾದ ಹಸಿರು, ಮೂರನೆಯದು ಕಂದು. ಬಲಗಣ್ಣಿಗೆ ಎರಡನೆಯದು ನೀಲಿ, ಮೂರನೆಯದು ಹಸಿರು ಸೇರಿದ ಬೂದಿ. ಕೋಣೆ ಅವರದು. ಅವರ ಎರಡೂ ಕಣ್ಣು ಒಂದೇ ಹಾಗೆ ನೋಡುವ ತನಕ ಬಣ್ಣ ಹಚ್ಚುವುದು ಬೇಡ ಅಂತ ಇವರೂ ನಾನೂ ನಿಶ್ಚಯ ಮಾಡಿದೆವು. ನಿಮ್ಮ ಮನೆಯಲ್ಲಿ ಪೊರೆ ಆಪರೇಷನ್ ಆಗಬೇಕಾದ ಹಿರಿಯರಿದ್ದು, ಅವರ ಕೋಣೆಗೇ ಬಣ್ಣ ಮಾಡಿಸುವುದಾದರೆ, ದಯವಿಟ್ಟು ಆಪರೇಷನ್ ಮುಗಿಸಿಯೇ ಬಣ್ಣ ಆರಿಸಿ.

ಎಡಗಣ್ಣಿನ ಆಪರೇಷನ್ ಸೆಪ್ಟೆಂಬರಿಗೆ ಅಂತ ಇತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಜಾಸ್ತಿ ಬಂದು ಅಕ್ಟೋಬರಿಗೆ ಹೋಯಿತು. ಆಧಾರ್, ಹಳೆಯ ಚೀಟಿ, ಬಲಗಣ್ಣಿಗೆ ಹಾಕಿದ ಲೆನ್ಸಿನ ಕಾರ್ಡ್ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದರಿಂದ ಎರಡನೇ ಸಲ ಓಡಾಟ ಕಡಿಮೆಯಾಯಿತು. ಕಣ್ಣು ಹೊಂದಿಕೊಳ್ಳಲು ಒಂದು ತಿಂಗಳಿಗೂ ಜಾಸ್ತಿ ಕಾದೆವು.

ಆ ಸಮಯ ಸುಮ್ನೆ ಹೋಗಲಿಲ್ಲ. ಮಳೆ ನಿಂತ ಮೇಲೆ ಗೋಡೆ ಕೆರೆಸಿದೆವು. ಸುಣ್ಣದ ಮೇಲೆ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆಯ ಪೇಂಟ್) ಹಚ್ಚಿದರೆ ನಿಲ್ಲುವುದಿಲ್ಲ, ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಕೆರೆದಾಗ ಉತ್ತರದ ಗೋಡೆಯ ಬುಡದಲ್ಲಿ ಎರಡಡಿ ಎತ್ತರಕ್ಕೆ ಶೀತ ಹಿಡಿದು ಉಪ್ಪು ಬಂದಿತ್ತು. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದದ್ದು ಕಾರಣ. ಹೊರಗೆ ಕಾಲುವೆ ತಿರುಗಿಸಿ, ಒಳಗೆ ಆ ಭಾಗದ ಗಿಲಾವು ಒಡೆದು ಹೊಸದಾಗಿ ಮಾಡಿಸಿದೆವು. 2,600 ರೂಪಾಯಿ. ಹೊಸ ಗಿಲಾವು 28 ದಿನ ಆರಬೇಕು. ಅದಕ್ಕೆ ಮೊದಲು ಬಣ್ಣ ಹಚ್ಚಿದರೆ ಒಳಗಿನ ತೇವ ಮತ್ತು ಸಿಮೆಂಟಿನ ಕ್ಷಾರ ಬಣ್ಣವನ್ನು ಕೆಡಿಸುತ್ತವೆ. ತಿಳಿ ಹಸಿರು-ಬೂದಿಯಲ್ಲಿ ಇಂಥ ಕಲೆ ತಕ್ಷಣ ಎದ್ದು ಕಾಣುತ್ತದೆ.

ಅಷ್ಟರಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ ಬಂತು. ಹಗಲು ಕೊಯ್ಲು, ರಾತ್ರಿ ಅಡಿಕೆ ಸುಲಿತ, ಮನೆ ತುಂಬ ಜನ. ಡಿಸೆಂಬರಿನಲ್ಲಿ ಪೇಂಟರಿಗೆ ಫೋನ್ ಮಾಡಿದರೆ "ಅಕ್ಕಾ, ಜಾತ್ರೆ ಹತ್ರ ಬಂತಲ್ಲ, ಎಲ್ಲಾರ ಮನೇಲೂ ಸುಣ್ಣ-ಬಣ್ಣ. ಸಂಕ್ರಾಂತಿ ಕಳೀಲಿ" ಅಂದರು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯ ವರ್ಷ ಶಿರಸಿ ಸುತ್ತಮುತ್ತ ಬಣ್ಣದವರು ಸಿಗುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ದೀಪಾವಳಿಗೇ ಹೇಳಿಟ್ಟುಬಿಡಿ.

ಈ ನಡುವೆ ಒಂದು ತಪ್ಪೂ ಆಯಿತು. ಎರಡನೆಯ ಬಣ್ಣವನ್ನು ಬೇರೆ ಕಂಪನಿಯ ಕಡಿಮೆ ಬೆಲೆಯ ಪೇಂಟಿನಲ್ಲಿ ಹಾಗೇ ಮಾಡಿಕೊಡುತ್ತೇವೆ ಅಂತ ಒಂದು ಅಂಗಡಿಯಲ್ಲಿ ಹೇಳಿದರು. 390 ರೂಪಾಯಿ ಕೊಟ್ಟು ಒಂದು ಲೀಟರ್ ಮಾಡಿಸಿದೆವು. ಅಂಗಡಿಯ ದೀಪದಲ್ಲಿ ರಟ್ಟಿನ ಪಕ್ಕ ಹಿಡಿದಾಗ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಮನೆಯ ಹಗಲು ಬೆಳಕಿನಲ್ಲಿ ಒಂದು ಹಸಿರು, ಒಂದು ನೇರಳೆ ಕಡೆಗೆ ಹೋದ ಬೂದಿ. ಬೇರೆ ಬೇರೆ ಬಣ್ಣದ ಹನಿ ಬಿಟ್ಟು ಒಂದೇ ಥರ ಕಾಣುವ ಹಾಗೆ ಮಾಡಿದರೆ ಒಂದು ಬೆಳಕಿನಲ್ಲಿ ಹೊಂದುತ್ತದೆ, ಇನ್ನೊಂದರಲ್ಲಿ ಬೇರೆಯಾಗುತ್ತದೆ. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ಬೂದಿ ಬಣ್ಣಗಳಲ್ಲಿ ಇದು ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಯಾವ ಕಂಪನಿಯ ಕಾರ್ಡ್ ನೋಡಿ ಆರಿಸಿದಿರೋ ಅದೇ ಕಂಪನಿಯಲ್ಲಿ, ಅದೇ ದರ್ಜೆಯ ಪೇಂಟಿನಲ್ಲೇ ಮಾಡಿಸಿ. ಆ ಒಂದು ಲೀಟರ್ ಕೊನೆಗೆ ಕೊಟ್ಟಿಗೆಯ ಬಾಗಿಲಿಗೂ ಆಗಲಿಲ್ಲ, ಗೋಡೆಯ ಪೇಂಟ್ ಅದು.

ದೀಪದ ವಿಷಯ ಇದಕ್ಕೇ ಅಂಟಿಕೊಂಡಿದೆ. ದೀಪದ ಬೆಳಕು ಹಳದಿಯೋ ಬಿಳಿಯೋ ಅನ್ನುವುದನ್ನು ಕೆಲ್ವಿನ್ ಅಂಕೆಯಲ್ಲಿ ಹೇಳುತ್ತಾರೆ. ಕೋಣೆಯಲ್ಲಿ 6500 ಕೆಲ್ವಿನ್‌ನ ಬಿಳಿ ಟ್ಯೂಬ್ ಇತ್ತು. ಅದರಡಿ ಎರಡನೆಯದನ್ನು ನೋಡಿದ ಅತ್ತೆ "ಆಸ್ಪತ್ರೆ ಕಂಡಂಗೆ ಆಗ್ತು" ಅಂದರು. ಆಗಷ್ಟೇ ಎರಡು ಆಪರೇಷನ್ ಮುಗಿಸಿ ಬಂದವರಿಗೆ ಅದು ಬೇಡವೇ ಬೇಡ. 3000 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿದರೆ ಎರಡೂ ರಟ್ಟು ಒಂದೇ ಕಂದು. ಕೊನೆಗೆ 4000 ಕೆಲ್ವಿನ್‌ನ ಎರಡು ಬಲ್ಬ್ ತಂದೆವು, 380 ರೂಪಾಯಿ. ಕೆಲ್ವಿನ್ ಅಂಕೆ ಬಲ್ಬಿನ ಪೆಟ್ಟಿಗೆ ಮೇಲೇ ಇರುತ್ತದೆ. ಮೊದಲು ಬಲ್ಬ್ ಗಟ್ಟಿ ಮಾಡಿಕೊಂಡು ಆಮೇಲೆ ಬಣ್ಣ ನೋಡಿದ್ದರೆ ನಮಗೆ ಎರಡು ವಾರ ಉಳಿಯುತ್ತಿತ್ತು.

ಡಿಸೆಂಬರ್ ಕೊನೆಯ ವಾರ, ಕನ್ನಡಕ ಬಂದ ಮೇಲೆ, ಅತ್ತೆಯನ್ನು ಅವರ ಮಂಚದ ಮೇಲೇ ಕೂರಿಸಿ ಎರಡು ರಟ್ಟನ್ನೂ ಎದುರು ಗೋಡೆಗೆ ಒರಗಿಸಿದೆವು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ರಾತ್ರಿ ದೀಪ ಹಾಕಿ ಒಂದು ಸಲ. ಯಾವುದು ಯಾವ ನಂಬರು ಅಂತ ಹೇಳಲಿಲ್ಲ. ಮೂರು ಸಲವೂ ಮೂರನೆಯದನ್ನೇ ತೋರಿಸಿದರು. ಕೈಯಿಂದ ಒಂದೊಂದು ಕಣ್ಣು ಮುಚ್ಚಿ ತೆಗೆದು "ಈಗ ಎರಡಕ್ಕೂ ಒಂದೇ ನಮನಿ ಇದ್ದು" ಅಂದರು. ರಟ್ಟಿನ ಹಿಂದಿನ ಜುಲೈ ತಿಂಗಳ ಸಾಲು ತೆಗೆದು ನೋಡಿದೆ. ಮೂರನೆಯದಕ್ಕೆ 'ಮಳೆಯಲ್ಲಿ ಹಸಿರು, ಚೆಂದ' ಅಂತ ಬರೆದಿದ್ದೆ. ಮಳೆಗಾಲದ ಬೆಳಕೂ ಚಳಿಗಾಲದ ಬೆಳಕೂ ಎರಡೂ ನೋಡಿದ್ದರಿಂದ ಧೈರ್ಯ ಬಂತು.

ಇನ್ನೊಂದು ಅಂಕೆಯನ್ನೂ ನೋಡಿದೆವು. ಬಣ್ಣ ಎಷ್ಟು ಬೆಳಕನ್ನು ವಾಪಸು ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ 0ಯಿಂದ 100ರವರೆಗಿನ ಅಳತೆ ಇದೆ. ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ. ನಮ್ಮ ಬಣ್ಣದ್ದು 58. ಮಾಳಿಗೆ ಕಪ್ಪಿರುವ ಹಳೇ ಮನೆಗೆ ಇದಕ್ಕಿಂತ ಕಡಿಮೆಯದು ಆರಿಸಿದ್ದರೆ ಹಗಲಲ್ಲೂ ದೀಪ ಹಾಕಬೇಕಾಗುತ್ತಿತ್ತು.

ಜನವರಿ 20ಕ್ಕೆ ಪೇಂಟರ್ ಬಂದರು. ಗೋಡೆ ಸುಮಾರು 390 ಚದರಡಿ. ಗೋಡೆ ನಯ ಮಾಡುವ ಪುಟ್ಟಿ ಎರಡು ಚೀಲ, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ನಾಲ್ಕು ಲೀಟರ್, ಬಣ್ಣ ನಾಲ್ಕು ಲೀಟರಿನ ಒಂದೇ ಡಬ್ಬ. ಒಂದೊಂದು ಲೀಟರಿನ ನಾಲ್ಕು ಡಬ್ಬ ಮಾಡಿಸಬೇಡಿ. ಒಂದರಿಂದ ಒಂದಕ್ಕೆ ಎಳೆಯಷ್ಟು ಬೇರೆ ಬಂದರೂ ಗೋಡೆಯ ಮಧ್ಯದಲ್ಲಿ ಗೆರೆ ಕಾಣುತ್ತದೆ. ಬೇಕೇ ಬೇಕಾದರೆ ಎಲ್ಲವನ್ನೂ ದೊಡ್ಡ ಬಕೆಟಿನಲ್ಲಿ ಬೆರೆಸಿಯೇ ಹಚ್ಚಿಸಿ. ಮ್ಯಾಟ್ ಫಿನಿಶ್ ತೆಗೆದುಕೊಂಡೆವು. ಹೊಳಪಿನದು ಕಿಟಕಿಯ ಹಸಿರನ್ನು ಕನ್ನಡಿ ಹಾಗೆ ತೋರಿಸುತ್ತದೆ, ಹಳೇ ಗೋಡೆಯ ಉಬ್ಬುತಗ್ಗನ್ನೂ ತೋರಿಸುತ್ತದೆ.

ಮೊದಲ ಕೋಟ್ ಹಚ್ಚಿದಾಗ ಎದೆ ಧಸಕ್ ಅಂದಿತು. ಬೆಳ್ಳಗೆ, ಅಲ್ಲಲ್ಲಿ ಪಟ್ಟೆ ಪಟ್ಟೆ. ತಪ್ಪು ಡಬ್ಬ ಬಂತೇನೋ ಅಂತ ಇವರು ಬಿಲ್ ಹಿಡಿದು ಕೋಡ್ ನೋಡಲು ಓಡಿದರು. ಹಸಿ ಎಮಲ್ಷನ್ ಬಿಳಿಚಿಕೊಂಡೇ ಇರುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಎರಡನೇ ಕೋಟ್ ಒಣಗುವ ತನಕ ಏನನ್ನೂ ತೀರ್ಮಾನ ಮಾಡಬೇಡಿ, ಮನೆಯವರಿಗೂ ತೋರಿಸಬೇಡಿ.

ಒಟ್ಟು ಖರ್ಚು 16,250 ರೂಪಾಯಿ. ಪೇಂಟರ್ ಮತ್ತು ಸಹಾಯಕರ ಕೂಲಿ 7,200, ಪುಟ್ಟಿ 1,700, ಪ್ರೈಮರ್ 780, ಬಣ್ಣ 2,340, ಸ್ಯಾಂಪಲ್ 560, ವ್ಯರ್ಥವಾದ ಒಂದು ಲೀಟರ್ 390, ಸ್ಯಾಂಡ್‌ಪೇಪರ್ ಮತ್ತು ಟೇಪ್ 300. ಗಿಲಾವು ಮತ್ತು ಬಲ್ಬಿನ ಲೆಕ್ಕ ಮೇಲೆ ಹೇಳಿದ್ದೇನೆ. ತಿಂಗಳುಗಟ್ಟಲೆ ಕಾದು ನೋಡಿದ ಆ ಸ್ಯಾಂಪಲ್ಲಿಗೆ ಹೋದದ್ದು ಬರೀ 560. ಅಲ್ಲಿ ಉಳಿಸಲು ಹೋಗಬೇಡಿ.

ಕೆಲಸ ಮುಗಿದ ಮಾರನೆಯ ಬೆಳಿಗ್ಗೆ ಅತ್ತೆ ಎದ್ದು ಕಿಟಕಿ ತೆರೆದರು. ಸ್ವಲ್ಪ ಹೊತ್ತು ತೋಟ ನೋಡಿದರು, ಆಮೇಲೆ ಗೋಡೆ. "ಅಡ್ಡಿಲ್ಲೆ" ಅಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಡಬ್ಬದಲ್ಲಿ ಮುಕ್ಕಾಲು ಲೀಟರ್ ಉಳಿದಿದೆ. ಮುಚ್ಚಳ ಬಿಗಿಯಾಗಿ ಬಡಿದು, ಅದರ ಮೇಲೆ ಕೋಡ್, ಬೇಸ್, ತಾರೀಖು ಬರೆದು, ಮಷಿನ್ನಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡಬ್ಬಕ್ಕೆ ಅಂಟಿಸಿ ಮೆತ್ತಿನ (ಅಟ್ಟದ) ಮೇಲೆ ಇಟ್ಟಿದ್ದೇವೆ. ಚೀಟಿಯ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ, ಹಾಗಾಗಿ ಅದರ ಫೋಟೊ ಕೂಡ ತೆಗೆದಿಟ್ಟಿದ್ದೇನೆ. ಮೂರನೇ ನಂಬರಿನ ರಟ್ಟನ್ನು ಅತ್ತೆ ಕೊಡಲಿಲ್ಲ. ಮಂಚದ ಪಕ್ಕ, ಕನ್ನಡಕದ ಪೆಟ್ಟಿಗೆಯ ಹಿಂದೆ ನಿಲ್ಲಿಸಿಕೊಂಡಿದ್ದಾರೆ.